ಎದುರಾಳಿ ಉತ್ತರಿಸದಿದ್ದರೆ ಪಾಯಿಂಟ್ ಯಾರಿಗೆ?

ಪ್ರಶ್ನೆ: ಸರ್, ನಮ್ಮ ಆನ್‌ಲೈನ್ ಚೆಸ್ ಲೀಗಿನಲ್ಲಿ ಈ ಸುತ್ತಿನ ಎದುರಾಳಿಗೆ ಸೋಮವಾರವೇ ಮೆಸೇಜ್ ಕಳುಹಿಸಿದ್ದೇನೆ. ನೋಡಿದ್ದಾರೆ, ಉತ್ತರವಿಲ್ಲ. ಭಾನುವಾರ ಗಡುವು ಮುಗಿಯುತ್ತದೆ. ಪಾಯಿಂಟ್ ತಾನಾಗಿಯೇ ನನಗೆ ಬರುತ್ತದೆ, ಅಲ್ಲವೇ?

ಬರುವುದಿಲ್ಲ.

ಈ ಒಂದು ಪದವನ್ನು ಎಷ್ಟು ಸಲ ಬರೆದಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಬಟವಾಡಿಯಿಂದ ಒಬ್ಬರು ಕೇಳಿದರು, ತಿಪಟೂರಿನಿಂದ ಒಬ್ಬರು, ಕಳೆದ ವಾರ ಪಾವಗಡದ ಹುಡುಗನ ಪರವಾಗಿ ಅವನ ತಂದೆ. ಎಲ್ಲರ ಪ್ರಶ್ನೆಯ ಬಾಲದಲ್ಲೂ ಅದೇ 'ಅಲ್ಲವೇ'. ಉತ್ತರ ಆಗಲೇ ಅವರ ಬಳಿ ಇದೆ, ನನ್ನಿಂದ ರುಜು ಮಾತ್ರ ಬೇಕು.

ಈ ನಂಬಿಕೆ ಎಲ್ಲಿ ಹುಟ್ಟಿತೆಂಬುದು ನನಗೆ ಗೊತ್ತು. ಶಾಲಾ ಟೂರ್ನಿಗಳಲ್ಲಿ. ಬೋರ್ಡಿನ ಮುಂದೆ ಹುಡುಗ ಕುಳಿತಿದ್ದಾನೆ, ಎದುರಿನ ಕುರ್ಚಿ ಖಾಲಿ, ಆರ್ಬಿಟರ್ (ಪಂದ್ಯದ ತೀರ್ಪುಗಾರರು) ಬಂದು ಗಡಿಯಾರ ಚಾಲೂ ಮಾಡುತ್ತಾರೆ, ಹೊತ್ತು ಮೀರಿದ ಮೇಲೆ ಹಾಳೆಯಲ್ಲಿ ವಾಕೋವರ್ (ಆಡದೆಯೇ ಸಿಕ್ಕ ಗೆಲುವು) ಬರೆದುಕೊಳ್ಳುತ್ತಾರೆ. ಹುಡುಗ ಕಲಿತ ಪಾಠ: ಎದುರಾಳಿ ಇಲ್ಲ, ಆದ್ದರಿಂದ ನಾನು ಗೆದ್ದೆ. ಅವನ ಕಣ್ಣಿಗೆ ಬೀಳದೇ ಹೋದದ್ದು ಗೋಡೆಗೆ ಅಂಟಿಸಿದ್ದ ಚೀಟಿ. ಸುತ್ತು 10 ಗಂಟೆಗೆ ಎಂದು ಅದರಲ್ಲಿ ಬರೆದಿತ್ತು. ಎಷ್ಟು ತಡವಾದರೆ ಸೋಲು ಎಂಬುದನ್ನು ಟೂರ್ನಿಯವರು ಮೊದಲೇ ತಿಳಿಸಿರಬೇಕು ಎನ್ನುತ್ತದೆ ವಿಶ್ವ ಚೆಸ್ ಒಕ್ಕೂಟವಾದ ಫಿಡೆಯ ನಿಯಮ 6.7. ಆ ಎರಡು ಸಂಗತಿಗಳಿಲ್ಲದೆ ಖಾಲಿ ಕುರ್ಚಿಗೆ ಯಾವ ಬೆಲೆಯೂ ಇಲ್ಲ.

ದೊಡ್ಡವರ ಉದಾಹರಣೆಯನ್ನೇ ತೆಗೆದುಕೊಳ್ಳಿ. 1972ರ ವಿಶ್ವ ಚಾಂಪಿಯನ್‌ಷಿಪ್, ಊರು ರೇಕ್ಯಾವಿಕ್. ಎರಡನೆಯ ಪಂದ್ಯಕ್ಕೆ ಬಾಬಿ ಫಿಷರ್ ಬರಲೇ ಇಲ್ಲ. ಆರ್ಬಿಟರ್ ಲೋಥರ್ ಶ್ಮಿಡ್ ನಿಗದಿತ ಹೊತ್ತಿಗೆ ಗಡಿಯಾರ ಚಾಲೂ ಮಾಡಿದರು, ಒಂದು ಗಂಟೆ ಕಳೆಯಿತು, ಪಂದ್ಯ ಬೋರಿಸ್ ಸ್ಪಾಸ್ಕಿ ಪಾಲಾಯಿತು. ಯಾವ ದಿನ, ಎಷ್ಟು ಗಂಟೆ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿದ್ದರಿಂದ ಅದು ಸಾಧ್ಯವಾಯಿತು. 'ಫಿಷರ್ ನನ್ನ ಮೆಸೇಜಿಗೆ ಉತ್ತರಿಸಲಿಲ್ಲ' ಎಂದು ಸ್ಪಾಸ್ಕಿ ದೂರು ಕೊಟ್ಟು ಪಡೆದ ಪಾಯಿಂಟ್ ಅದಲ್ಲ. (ಹಾಗೆ ಬಂದ ಪಾಯಿಂಟೂ ಅವರನ್ನು ಕಾಪಾಡಲಿಲ್ಲ. ಕೊನೆಗೆ ಫಿಷರ್ 12½–8½ರಿಂದ ಗೆದ್ದರು.)

ಈಗ ನಮ್ಮ ಲೀಗಿಗೆ ಬನ್ನಿ. ಇಲ್ಲಿ ಸುತ್ತಿಗೆ ಒಂದು ವಾರ ಇರುತ್ತದೆ. ದಿನ, ಹೊತ್ತು ಗೊತ್ತುಮಾಡಿಕೊಳ್ಳುವುದು ಆಟಗಾರರ ಕೆಲಸ. ಇಬ್ಬರೂ ಒಪ್ಪುವ ತನಕ ಹೊತ್ತೆಂಬುದೇ ಇಲ್ಲ, ಇನ್ನು ಹೊತ್ತು ಮೀರುವ ಮಾತೆಲ್ಲಿ? ಗಡುವಿನ ರಾತ್ರಿ ಲೀಗ್ ನಡೆಸುವ ನನ್ನ ಕಣ್ಣಿಗೆ ಕಾಣುವುದು ಆಡದೇ ಉಳಿದ ಒಂದು ಆಟ, ಅದರ ಇಕ್ಕೆಲದಲ್ಲಿ ಎರಡು ಹೆಸರು. ಅದಕ್ಕೆ ಇಬ್ಬರಿಗೂ ಸೊನ್ನೆ. ಪಾಯಿಂಟ್ ಬೇಕೆನ್ನುವವರು ತಾವು ಮಾಡಿದ ಪ್ರಯತ್ನವನ್ನು ತೋರಿಸಬೇಕು. 'ಹಾಯ್, ಯಾವಾಗ ಆಡೋಣ?' ಎಂಬ ಒಂದು ಸಾಲು ಪ್ರಯತ್ನವಾಗುವುದಿಲ್ಲ. ಕೆಲಸವನ್ನೆಲ್ಲ ಎದುರಾಳಿಯ ತಲೆಗೆ ಕಟ್ಟುವ ವಿಧಾನ ಅದು.

'ಆದರೆ ನೀಲಿ ಗೆರೆ ಬಂದಿದೆಯಲ್ಲ ಸರ್!' ಬಂದಿರಲಿ. ನಮ್ಮ ಆಟಗಾರರಲ್ಲಿ ಅರ್ಧದಷ್ಟು ಜನ ಶಾಲಾ ಮಕ್ಕಳು, ಅವರ ಫೋನ್ ಅಮ್ಮನ ಕೈಯಲ್ಲಿರುತ್ತದೆ. ಅಮ್ಮ ಕೆಲಸದ ಮಧ್ಯೆ ತೆರೆದು ನೋಡಿರುತ್ತಾರೆ, ಮಗನಿಗೆ ಹೇಳಲು ಮರೆತಿರುತ್ತಾರೆ. ತುಮಕೂರಿನ ಹಾಸ್ಟೆಲ್‌ಗಳಲ್ಲಿರುವ ಕೆಲವರಿಗೆ ಭಾನುವಾರದ ತನಕ ಫೋನೇ ಸಿಗುವುದಿಲ್ಲ. ದಿನವೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವವರು ನೂಕುನುಗ್ಗಲಿನಲ್ಲಿ ನಿಂತುಕೊಂಡೇ ಓದಿ, ಮನೆಗೆ ಹೋಗಿ ಉತ್ತರಿಸೋಣ ಎಂದುಕೊಂಡಿರುತ್ತಾರೆ. ಯಾರೋ ಒಬ್ಬರ ಬೆರಳು ಪರದೆಯ ಮೇಲೆ ಆಡಿತು ಎಂಬುದಕ್ಕಿಂತ ಹೆಚ್ಚಿನದನ್ನು ಆ ಗೆರೆ ಹೇಳುವುದಿಲ್ಲ.

ಇನ್ನೊಂದು ಮಾತು. ವಾಕೋವರ್‌ನಿಂದ ರೇಟಿಂಗ್ (ಆಟಗಾರನ ಬಲ ಅಳೆಯುವ ಅಂಕ) ಏರುತ್ತದೆ ಎಂದುಕೊಂಡವರೂ ಇದ್ದಾರೆ. ಆಡದ ಆಟವನ್ನು ಫಿಡೆ ರೇಟಿಂಗಿಗೆ ಲೆಕ್ಕ ಹಾಕುವುದೇ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ಪೇರಿಂಗ್ (ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ) ಬಂದ ದಿನವೇ ಲೀಗಿನ ಗುಂಪಿನಲ್ಲಿ, ನಮ್ಮ ಕಣ್ಣಿಗೂ ಬೀಳುವಂತೆ ಬರೆಯಿರಿ: 'ಬುಧವಾರ ರಾತ್ರಿ 8, ಶುಕ್ರವಾರ ರಾತ್ರಿ 9, ಶನಿವಾರ ಮಧ್ಯಾಹ್ನ 3. ಇವುಗಳಲ್ಲಿ ಯಾವುದು ಆಗುತ್ತದೆ? ಯಾವುದೂ ಆಗದಿದ್ದರೆ ನಿಮ್ಮ ಎರಡು ಹೊತ್ತು ತಿಳಿಸಿ.' ಎರಡು ದಿನ ಕಾದು ಮತ್ತೊಮ್ಮೆ ಬರೆಯಿರಿ, ಈ ಸಲ ನಮ್ಮ ಹೆಸರನ್ನೂ ಸೇರಿಸಿ. ಆಗಲೂ ಸದ್ದಿಲ್ಲದಿದ್ದರೆ ಹೊತ್ತನ್ನು ನಾವೇ ಗೊತ್ತುಮಾಡುತ್ತೇವೆ. ಗಡಿಯಾರ ಹುಟ್ಟುವುದು ಅಲ್ಲಿಂದ. ಆ ಹೊತ್ತಿಗೆ ನೀವು ಸೈಟಿನಲ್ಲಿರಬೇಕು, ಎದುರಾಳಿಗೆ ಆಟದ ಲಿಂಕ್ ಕಳುಹಿಸಬೇಕು, 15 ನಿಮಿಷ ಕಾದು ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಮಾರನೆಯ ದಿನ ನಿಮ್ಮ ಪಾಯಿಂಟನ್ನು ನಾನೇ ಸಂತೋಷದಿಂದ ಬರೆಯುತ್ತೇನೆ.

ಒಪ್ಪಿಗೆ ಅಂದರೆ ದಿನ ಮತ್ತು ಹೊತ್ತು ಎರಡನ್ನೂ ತಿರುಗಿ ಬರೆಯುವುದು. 'ನೋಡೋಣ' ಒಪ್ಪಿಗೆಯಲ್ಲ. ಮದುವೆಗೆ ಕರೆದಾಗ ನಾವೆಲ್ಲ ಯಾವ ಅರ್ಥದಲ್ಲಿ 'ನೋಡೋಣ' ಅನ್ನುತ್ತೇವೆ ಎಂಬುದು ನಿಮಗೆ ತಿಳಿಯದ್ದೇ? 'ನಾಳೆ 8ಕ್ಕೆ' ಎಂದವರಲ್ಲಿ ಒಬ್ಬ ಬೆಳಿಗ್ಗೆ ತಿಂಡಿ ಬಿಟ್ಟು ಕಾದ, ಇನ್ನೊಬ್ಬ ರಾತ್ರಿ ಊಟ ಬಿಟ್ಟು ಕಾದ. ಇಬ್ಬರೂ ನನ್ನ ಮೇಲೆಯೇ ಸಿಟ್ಟಾದರು.

ಯಾರೂ ಕೇಳದಿದ್ದರೂ ಹೇಳುತ್ತೇನೆ: ಹೊರದೇಶದವರೊಡನೆ ಆಡುವಾಗ ಹೊತ್ತನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಬರೆಯಿರಿ. ನಮ್ಮ ರಾತ್ರಿ 8 ಎಂದರೆ ಯುಟಿಸಿ 14:30. ನಾವು ಗಡಿಯಾರ ತಿರುಗಿಸುವುದಿಲ್ಲ, ಅವರು ತಿರುಗಿಸುತ್ತಾರೆ. ಯುರೋಪಿನವರು ಮಾರ್ಚ್‌ನ ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕಿಟ್ಟರೆ, ಅಮೆರಿಕದವರು ಅದೇ ತಿಂಗಳ ಎರಡನೆಯ ಭಾನುವಾರವೇ ಇಟ್ಟಿರುತ್ತಾರೆ. ಆ ನಡುವಿನ ವಾರಗಳಲ್ಲಿ ಉತ್ತರಿಸದ ಎದುರಾಳಿಗಿಂತ ಒಂದು ಗಂಟೆ ತಪ್ಪಿ ಬಂದ ಎದುರಾಳಿಯ ಕಾಟವೇ ಹೆಚ್ಚು.

ಇನ್ನು 14:30ರಲ್ಲಿನ ಆ ಅರ್ಧ ಗಂಟೆ ಎಲ್ಲಿಂದ ಬಂತು? ಭಾರತದ ಹೊತ್ತನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿದ್ದಾರೆ. ಡಿಗ್ರಿಗೆ 4 ನಿಮಿಷದಂತೆ 330 ನಿಮಿಷ, ಅಂದರೆ ಐದೂವರೆ ಗಂಟೆ. ತುಮಕೂರು ಇರುವುದು ಸುಮಾರು 77.1 ಡಿಗ್ರಿಯಲ್ಲಿ. ಹಾಗಾಗಿ ನಮ್ಮೂರಿನ ಸೂರ್ಯ ನಮ್ಮ ಕೈಗಡಿಯಾರಕ್ಕಿಂತ ಸರಾಸರಿ ಸುಮಾರು 22 ನಿಮಿಷ ಹಿಂದೆ. ಇದನ್ನು ತರಗತಿಯಲ್ಲಿ ಬಹಳ ಹುರುಪಿನಿಂದ ಲೆಕ್ಕ ಬಿಡಿಸಿ ತೋರಿಸಿದ್ದೆ. ಮರುವಾರ 8ರ ಆಟಕ್ಕೆ 8:20ಕ್ಕೆ ಬಂದ ನನ್ನ ಶಿಷ್ಯನೊಬ್ಬ, ಸೂರ್ಯನ ಲೆಕ್ಕದಲ್ಲಿ ತಾನು ಎರಡು ನಿಮಿಷ ಮೊದಲೇ ಬಂದಿರುವುದಾಗಿ ಮೇಲ್ಮನವಿ ಸಲ್ಲಿಸಿದ. ಲೆಕ್ಕ ಸರಿಯಾಗಿತ್ತು. ಪಾಯಿಂಟ್ ಎದುರಾಳಿಗೆ ಹೋಯಿತು.