ಬೋಳಾದ ಬಳ್ಳಿಗೆ ನೀರು ಸುರಿಯಬೇಡಿ

ಚಳಿ ದೇಶಗಳಲ್ಲಿ ಚಳಿಗಾಲ ಶುರುವಾಯಿತು ಅಂದರೆ ನನಗೆ ಬರುವ ಫೋಟೋಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಕಿಟಕಿ ಪಕ್ಕ ಒಂದು ಕುಂಡ, ಅದರಲ್ಲಿ ನಾಲ್ಕು ಬೋಳು ಕಡ್ಡಿ, ಸುತ್ತ ಉದುರಿದ ಎಲೆ. ‘ಬೋಗನ್‌ವಿಲ್ಲಾ ಹೋಯ್ತು ಅನ್ಸುತ್ತೆ. ದಿನಾ ನೀರು ಹಾಕ್ತಿದ್ದೀನಿ, ಆದ್ರೂ ಚಿಗುರ್ತಿಲ್ಲ’ ಅಂತ ಜೊತೆಗೊಂದು ಮೆಸೇಜ್. ಆ ದಿನಾ ನೀರೇ ಅದಕ್ಕೆ ಕುತ್ತು.

ಬೋಗನ್‌ವಿಲ್ಲಾ, ಅಂದರೆ ಕಾಗದದ ಹೂವಿನ ಬಳ್ಳಿ, ದಕ್ಷಿಣ ಅಮೆರಿಕ ಮೂಲದ್ದು. ತಿಂಗಳುಗಟ್ಟಲೆ ಮಳೆಯಿಲ್ಲದ ಕಡೆ ಅದು ಎಲೆ ಉದುರಿಸಿ ಸುಮ್ನೆ ಕೂರುತ್ತದೆ. ಚಳಿ ದೇಶದಲ್ಲಿ ಬೆಳಕು ಕಮ್ಮಿಯಾಗಿ ತಂಪು ಹೆಚ್ಚಾದಾಗಲೂ ಹಾಗೇ ಮಾಡುತ್ತದೆ. ಅದು ಸಾವಲ್ಲ, ನಿದ್ದೆ. ಎಲೆ ಇದ್ದರೆ ತಾನೇ ಗಿಡ ನೀರು ಎಳೆಯೋದು? ಎಲೆ ಇಲ್ಲದಾಗ ಹಾಕಿದ ನೀರೆಲ್ಲ ಮಣ್ಣಲ್ಲೇ ನಿಲ್ಲುತ್ತದೆ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ನಾನು ನೋಡಿದ ಮಟ್ಟಿಗೆ, ಒಳಗೆ ತಂದ ಮೇಲೆ ಸತ್ತ ಬಳ್ಳಿಗಳಲ್ಲಿ ಚಳಿಗೆ ಸತ್ತವು ಕಮ್ಮಿ, ನೀರಿಗೆ ಸತ್ತವೇ ಜಾಸ್ತಿ.

ಹಾಗಂತ ಹೊರಗೆ ಬಿಡುವ ಹಾಗಿಲ್ಲ. ಸೊನ್ನೆ ಡಿಗ್ರಿ ಹತ್ತಿರ ಬಂದರೆ ಎಳೆ ಚಿಗುರು ಬೆಂದಂತೆ ಕಪ್ಪಾಗುತ್ತದೆ. ಕುಂಡದ ಗಿಡಕ್ಕೆ ಇನ್ನೂ ಕಷ್ಟ, ಬೇರಿಗೆ ನಾಲ್ಕೂ ಕಡೆಯಿಂದ ಚಳಿ ಹೊಡೆಯುತ್ತದೆ. ರಾತ್ರಿ 8–10 ಡಿಗ್ರಿಗೆ ಇಳಿಯತೊಡಗಿದಾಗಲೇ ಒಳಗೆ ತನ್ನಿ. ತರುವ ಮುಂಚೆ ಎಲೆ ಕಂಕುಳಲ್ಲಿ, ಅಂದರೆ ಎಲೆ ಕಡ್ಡಿಗೆ ಸೇರುವ ಸಂದಿಯಲ್ಲಿ, ಬಿಳಿ ಹಿಟ್ಟು ತಿಗಣೆ (ರಸ ಹೀರುವ ಪುಟ್ಟ ಹುಳು) ಇದೆಯಾ ನೋಡಿ. ಕೈಗೆ ಗ್ಲೌಸ್ ಇರಲಿ, ಮುಳ್ಳು ಯಾರನ್ನೂ ಬಿಡಲ್ಲ.

ಎಲ್ಲಿ ಇಡಬೇಕು? ನನ್ನ ಆಯ್ಕೆ ಹೀಟರ್ ಇಲ್ಲದ, 5ರಿಂದ 10 ಡಿಗ್ರಿ ಇರುವ, ಒಂದಷ್ಟು ಬೆಳಕು ಬೀಳುವ ಜಾಗ. ಬೆಚ್ಚಗಿನ ಹಾಲ್‌ನಲ್ಲಿ ಇಟ್ಟರೆ ಗಿಡ ನಿದ್ದೆಯೂ ಮಾಡಲ್ಲ, ಸರಿಯಾಗಿ ಎಚ್ಚರವೂ ಇರಲ್ಲ. ಬಿಸಿಲು ಸಾಲದೆ ಉದ್ದುದ್ದ ಬಿಳಚು ಚಿಗುರು ಬಿಡುತ್ತದೆ. ಒಣ ಗಾಳಿಗೆ ಎಲೆಯ ರಸ ಹೀರುವ ನುಸಿ ಹತ್ತುತ್ತದೆ.

ನೀರಿಗೆ ಕ್ಯಾಲೆಂಡರ್ ಇಟ್ಟುಕೊಳ್ಳಬೇಡಿ, ಕುಂಡ ಎತ್ತಿ ನೋಡಿ. ಒದ್ದೆ ಮಣ್ಣಿನ ಭಾರ ಕೈಗೆ ಒಂದೆರಡು ಸಲಕ್ಕೇ ಗೊತ್ತಾಗುತ್ತದೆ. ಚೆನ್ನಾಗಿ ಹಗುರಾದ ಮೇಲೆ ಒಂದು ಲೋಟ ನೀರು. ತಂಪು ಜಾಗದಲ್ಲಿ ಇದು ಮೂರ್ನಾಲ್ಕು ವಾರಕ್ಕೊಮ್ಮೆ ಬಂದರೆ ಹೆಚ್ಚು. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ಪೂರ್ತಿ ಒಣಗಿಸಲೂಬೇಡಿ, ಸಣ್ಣ ಬೇರುಗಳು ಸಾಯುತ್ತವೆ. ಗೊಬ್ಬರದ ಮಾತೇ ಬೇಡ.

ಜೀವ ಇದೆಯೋ ಇಲ್ಲವೋ ಅನ್ನುವ ಅನುಮಾನ ಬಂದರೆ ಉಗುರಿನಿಂದ ಕಾಂಡದ ತೊಗಟೆ ಮೆಲ್ಲಗೆ ಕೆರೆಯಿರಿ. ಒಳಗೆ ಹಸಿರು, ಸ್ವಲ್ಪ ತೇವ ಕಂಡರೆ ಜೀವ ಇದೆ. ಕಂದು ಬಣ್ಣವಿದ್ದು ಪುಡಿ ಉದುರಿದರೆ ಇನ್ನಷ್ಟು ಕೆಳಗೆ ಕೆರೆಯಿರಿ. ಗಿಡಗಳ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ತುದಿ ಮಾತ್ರ ಕೆರೆದು, ಸತ್ತಿದೆ ಅಂತ ತೀರ್ಮಾನಿಸಿ ಒಂದು ಬಳ್ಳಿಯನ್ನು ಕುಂಡದಿಂದ ಕೊಡವಿಬಿಟ್ಟಿದ್ದೆ. ಬುಡದಲ್ಲಿ ಅಕ್ಕಿಕಾಳಿನಷ್ಟು ಕೆಂಪು ಮೊಳಕೆ ಇತ್ತು. ಬೋಗನ್‌ವಿಲ್ಲಾದ ಬೇರು ತೆಳ್ಳಗೆ, ಪಟ್ಟನೆ ಮುರಿಯುವಂಥದ್ದು. ಮತ್ತೆ ನೆಟ್ಟರೂ ಅದು ಹಿಡಿಯಲಿಲ್ಲ.

ಚಳಿಗಾಲದ ಕೊನೆಗೆ ಗೆಣ್ಣುಗಳು ಉಬ್ಬತೊಡಗಿದಾಗ ಕತ್ತರಿ ಹಿಡಿಯಿರಿ. ಹೂ ಬರುವುದು ಹೊಸ ಚಿಗುರಿನಲ್ಲಿ, ಹಾಗಾಗಿ ಧೈರ್ಯವಾಗಿ ಕತ್ತರಿಸಬಹುದು. ನೀರು ಹೆಚ್ಚಿಸುವುದು ಎಲೆ ಬಿಚ್ಚಿದ ಮೇಲೆ. ಹೊರಗೆ ಇಡುವಾಗ ಮಾತ್ರ ಆತುರ ಬೇಡ. ನೀರು ಹೆಪ್ಪುಗಟ್ಟುವ ರಾತ್ರಿಗಳು ಮುಗಿದ ಮೇಲೆ ಮೊದಲು ನೆರಳಲ್ಲಿಟ್ಟು, 7–10 ದಿನದಲ್ಲಿ ನಿಧಾನಕ್ಕೆ ಬಿಸಿಲಿಗೆ ಸರಿಸಿ. ಒಳಗೆ ಬಿಟ್ಟ ಎಲೆಗೆ ಬಿಸಿಲಿನ ಅಭ್ಯಾಸ ಇರಲ್ಲ, ಅಲ್ವಾ?

ಹಾಂ, ಇದೇ ಲೆಕ್ಕವನ್ನು ದುಂಡು ಮಲ್ಲಿಗೆಗೆ ಹಾಕಬೇಡಿ. ಅದು ಚಳಿಗಾಲದಲ್ಲೂ ಎಲೆ ಇಟ್ಟುಕೊಳ್ಳುವ ಗಿಡ. ಅದಕ್ಕೆ ಹತ್ತು ಡಿಗ್ರಿಗಿಂತ ಮೇಲೆ ಬೆಚ್ಚಗಿರಬೇಕು, ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಿಸಿಲು ಬೀಳುವ ಕಿಟಕಿಯೇ ಬೇಕು.