ಬೂತಾಯಿಗೆ ಗಡಿಯಿಲ್ಲ, ಲೆಕ್ಕಕ್ಕಿದೆ: ಕರಾವಳಿಯ ಕಡಲ ಸಂಶೋಧನೆ ನಡೆದು ಬಂದ ದಾರಿ

ನಮ್ಮ ಕಡಲಲ್ಲಿ ಬೂತಾಯಿ (ಎಣ್ಣೆ ಸಾರ್ಡೀನ್ ಮೀನು) ಕೈಕೊಟ್ಟ ವರ್ಷ ಮಂಗಳೂರಿನ ಮಾರುಕಟ್ಟೆಗೆ ಒಮಾನ್ ಬೂತಾಯಿ ಬರುತ್ತದೆ. ನಮ್ಮದರಷ್ಟು ರುಚಿಯಿಲ್ಲ ಎಂದು ಗೊಣಗುತ್ತಲೇ ಜನ ಕೊಳ್ಳುತ್ತಾರೆ. ವಿಜ್ಞಾನದಲ್ಲಿ ಎರಡಕ್ಕೂ ಒಂದೇ ಹೆಸರು, ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಹಾಗಾದರೆ ಎರಡೂ ಒಂದೇ ಬಳಗದವೇ? ಇಲ್ಲಿ ಕಾಣೆಯಾದದ್ದು ಅಲ್ಲಿಗೆ ಹೋಯಿತೇ? ಇದಕ್ಕೆ ಒಂದೇ ದೇಶ ಕುಳಿತು ಉತ್ತರ ಹೇಳಲು ಬರುವುದಿಲ್ಲ.

ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲೇ ಬೂತಾಯಿಯ ಅಧ್ಯಯನ ಶುರುವಾಯಿತು. ಮದ್ರಾಸ್ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ನಾಯುಡು 1924ರಲ್ಲಿ ಈ ಮೀನಿನ ಬಗ್ಗೆ ವಿಸ್ತಾರವಾದ ವರದಿ ಹೊರತಂದರು. ಹೊರದೇಶದ ಜೊತೆ ಕೈಜೋಡಿಸಿದ ಮೊದಲ ದೊಡ್ಡ ಕೆಲಸ ಬಂದದ್ದು ಸ್ವಾತಂತ್ರ್ಯದ ನಂತರ. 1952ರ ಒಪ್ಪಂದದಂತೆ ಇಂಡೋ-ನಾರ್ವೇಜಿಯನ್ ಯೋಜನೆ ಕೇರಳದ ನೀಂಡಕರದಲ್ಲಿ ಆರಂಭವಾಗಿ 1960ರ ದಶಕದಲ್ಲಿ ಕಾರವಾರದವರೆಗೂ ಬಂತು. ಅದು ತಂದದ್ದು ಎಂಜಿನ್ ದೋಣಿ, ಐಸ್, ಸಿಗಡಿ ಹಿಡಿಯುವ ಟ್ರಾಲ್ ಎಂಬ ಎಳೆಬಲೆ. ಹಿಡಿಯುವ ವಿದ್ಯೆ ಬೇಗ ಹಬ್ಬಿತು, ಅಳೆಯುವ ವಿದ್ಯೆ ಹಿಂದೆ ಬಿತ್ತು. ಈ ಅಂತರದ ಬೆಲೆಯನ್ನು ನಮ್ಮ ಕಡಲು ಇಂದಿಗೂ ತೆರುತ್ತಿದೆ.

ಅಳೆಯುವ ಕೆಲಸವನ್ನು ಗಂಭೀರವಾಗಿ ಎತ್ತಿಕೊಂಡದ್ದು 1960ರ ದಶಕದ ಮೊದಲರ್ಧದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಅಭಿಯಾನ. ಹತ್ತಾರು ದೇಶಗಳ ಹಡಗುಗಳು ತಂದ ಪ್ಲವಕದ (ನೀರಲ್ಲಿ ತೇಲುವ ಸಣ್ಣ ಜೀವಿಗಳ) ಮಾದರಿಗಳನ್ನು ಕೂಡಿಸಿ ಓದಬೇಕಿದ್ದರೆ ಬಲೆಯೂ ಒಂದೇ ಇರಬೇಕು. ಅದಕ್ಕೆಂದೇ ಒಂದು ಬಲೆ ನಿಗದಿಯಾಯಿತು: ಬಾಯಿ ಒಂದು ಚದರ ಮೀಟರ್, ಕಣ್ಣು 0.33 ಮಿ.ಮೀ., 200 ಮೀಟರ್ ಆಳದಿಂದ ನೇರ ಮೇಲಕ್ಕೆ ಎಳೆಯಬೇಕು. ಹಾಗೆ ಎಳೆದರೆ ಸುಮಾರು 200 ಘನ ಮೀಟರ್ ನೀರು ಸೋಸಿದಂತೆ. ಕೊಚ್ಚಿಯ ಹಿಂದೂ ಮಹಾಸಾಗರ ಜೈವಿಕ ಕೇಂದ್ರದಲ್ಲಿ ಆ ಮಾದರಿಗಳ ವಿಂಗಡಣೆ ನಡೆಯಿತು. 1966ರಲ್ಲಿ ಹುಟ್ಟಿದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಈ ಅಭಿಯಾನದ ಫಲ.

ಕಾಗದದ ಮೇಲೆ ಸುಲಭ, ಹಡಗಿನ ಮೇಲೆ ಅಲ್ಲ. ನೀರಿನ ಸೆಳೆತಕ್ಕೆ ತಂತಿ 45 ಡಿಗ್ರಿ ವಾಲಿದರೆ 200 ಮೀಟರ್ ತಂತಿ ಬಿಟ್ಟರೂ ಬಲೆ ಮುಟ್ಟುವ ಆಳ ಸುಮಾರು 141 ಮೀಟರ್ ಮಾತ್ರ. 200 ಮುಟ್ಟಲು 283 ಮೀಟರ್ ಬಿಡಬೇಕು. ಕೋನ ಬರೆದಿಡದಿದ್ದರೆ ಆ ಮಾದರಿ ದಂಡ. ಮಳೆಗಾಲದಲ್ಲಿ ತಳದ ತಣ್ಣೀರು ಮೇಲೆದ್ದು ಡಯಾಟಮ್ ಪಾಚಿ ಉಕ್ಕಿದಾಗ ಬಲೆಯ ಕಣ್ಣು ಕಟ್ಟಿಕೊಂಡು ನೀರು ಬಾಯಿಯಿಂದಲೇ ಹೊರಚೆಲ್ಲುತ್ತದೆ. ಬಾಯಿಗೆ ನೀರಿನ ಹರಿವು ಅಳೆಯುವ ಫ್ಲೋ ಮೀಟರ್ ಕಟ್ಟದಿದ್ದರೆ ಇದು ಗೊತ್ತೇ ಆಗುವುದಿಲ್ಲ. ಮಲ್ಪೆಯ ಮುಂದಿನ 30–40 ಮೀಟರ್ ಆಳದ ಕಡಲಲ್ಲಿ 200 ಮೀಟರ್ ಎಳೆತದ ಮಾತೇ ಬರುವುದಿಲ್ಲ. ಬೂತಾಯಿ ಇರುವುದು ಅಲ್ಲಿಯೇ. ಹಾಗಾಗಿ ಅಷ್ಟು ದೊಡ್ಡ ಅಭಿಯಾನದ ಪ್ರಮಾಣಿತ ಬಲೆ ನಮ್ಮ ದಡದ ನೀರಿಗೆ ಒದಗಲಿಲ್ಲ.

1970ರ ದಶಕದಲ್ಲಿ ವಿಶ್ವಸಂಸ್ಥೆಯ ಯುಎನ್‌ಡಿಪಿ (ಅಭಿವೃದ್ಧಿ ಕಾರ್ಯಕ್ರಮ) ಮತ್ತು ಎಫ್‌ಎಒ (ಆಹಾರ ಮತ್ತು ಕೃಷಿ ಸಂಸ್ಥೆ) ಯೋಜನೆಯ ಸಾರ್ಡಿನೆಲ್ಲಾ, ರಾಸ್ಟ್ರೆಲ್ಲಿಗರ್ ಎಂಬ ಎರಡು ಹಡಗುಗಳು ನೈರುತ್ಯ ಕರಾವಳಿಯಲ್ಲಿ ಶಬ್ದದ ಅಲೆ ಬಿಟ್ಟು ಬೂತಾಯಿ, ಬಂಗುಡೆಯ ಹಿಂಡುಗಳನ್ನು ಅಂದಾಜು ಮಾಡಿದವು. ಈ ವಿಧಾನಕ್ಕೂ ಮಿತಿಯಿದೆ. ಹಡಗಿನ ತಳಕ್ಕಿಂತ ಮೇಲೆ ತೇಲುವ ಹಿಂಡು ಯಂತ್ರಕ್ಕೆ ಕಾಣದು. ದಡಕ್ಕೆ ತೀರಾ ಹತ್ತಿರ ಹಡಗು ಹೋಗದು. ಪ್ರತಿಧ್ವನಿ ಯಾವ ಮೀನಿನದೆಂದು ತಿಳಿಯಲು ಬಲೆ ಬಿಟ್ಟು ನೋಡಲೇಬೇಕು. ಅದೇ ದಶಕದ ನಡುವಿನಲ್ಲಿ ಮಂಗಳೂರಿಗೆ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟುಗಳು ಬಂದು ದಡದಿಂದ ಎಳೆಯುವ ರಂಪಣಿ ಮೂಲೆಗೆ ಸರಿಯಿತು. ಹಿಡಿಯುವ ಕ್ರಮವೇ ಬದಲಾದ ಮೇಲೆ ಹಳೆಯ ಇಳುವರಿಯ ಅಂಕಿಯನ್ನು ಹೊಸದರ ಪಕ್ಕ ಇಟ್ಟು ಮೀನು ಹೆಚ್ಚಿತು, ಕಮ್ಮಿಯಾಯಿತು ಎನ್ನುವುದು ಸರಿಯಲ್ಲ.

ಆಮೇಲೆ ಕಾನೂನು ಬಂತು. ಭಾರತ 1976ರ ಕಾಯ್ದೆಯಿಂದ 200 ನಾಟಿಕಲ್ ಮೈಲಿಯ ಆರ್ಥಿಕ ವಲಯ ಘೋಷಿಸಿತು. ವಿಶ್ವಸಂಸ್ಥೆಯ ಸಮುದ್ರ ಕಾನೂನಿನಂತೆ ವಿದೇಶಿ ಸಂಶೋಧನಾ ಹಡಗು ಕನಿಷ್ಠ ಆರು ತಿಂಗಳು ಮೊದಲೇ ವಿವರ ಸಲ್ಲಿಸಿ ಒಪ್ಪಿಗೆ ಪಡೆಯಬೇಕು. 2002ರ ಜೀವವೈವಿಧ್ಯ ಕಾಯ್ದೆಯ ನಂತರ ಮೀನಿನ ತುಣುಕನ್ನು ಹೊರದೇಶಕ್ಕೆ ಕಳುಹಿಸುವುದಕ್ಕೂ ಅನುಮತಿಯ ದಾರಿ ಹಿಡಿಯಬೇಕು. ಕೇಂದ್ರ ಸರ್ಕಾರ ಒಪ್ಪಿದ ಜಂಟಿ ಯೋಜನೆಗಳಿಗೆ ವಿನಾಯಿತಿ ಇದೆ. ಈ ಕಟ್ಟುಪಾಡು ಬೇಕು. ನಮ್ಮ ಕಡಲಿನ ಮಾಹಿತಿ ನಮಗೇ ಸಿಗದೆ ಹೊರಗೆ ಹೋಗಬಾರದು. ಆದರೆ ಬೂತಾಯಿ ಮೊಟ್ಟೆಯಿಡುವುದು ಮಳೆಗಾಲದಲ್ಲಿ. ಕಡತ ಎರಡು ತಿಂಗಳು ತಡವಾದರೆ ಒಂದು ಇಡೀ ವರ್ಷ ಹೋಯಿತು.

ಇಷ್ಟರ ನಡುವೆಯೂ ಕೆಲಸ ನಿಂತಿಲ್ಲ. ಒಮಾನ್ ಮತ್ತು ಭಾರತದ ಬೂತಾಯಿಗಳ ಡಿಎನ್‌ಎ ಹೋಲಿಸಿದ ಅಧ್ಯಯನಗಳು ಇವು ಬೇರೆ ಬೇರೆ ಬಳಗ ಎಂದು ತೋರಿಸಿವೆ. ಅಂದರೆ ಇಲ್ಲಿ ಖಾಲಿಯಾದರೆ ಅಲ್ಲಿಂದ ಈಜಿ ಬಂದು ತುಂಬೀತೆಂದು ನಂಬಿ ಕೂರುವಂತಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ಬೂತಾಯಿ ಇಳುವರಿ 2021ರಲ್ಲಿ ಸುಮಾರು 3,300 ಟನ್ನಿಗೆ ಕುಸಿದದ್ದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ.

ಹತ್ತಿರದ ಗಡಿ ಕೇರಳಕ್ಕೆ ತಾಗುವ ತಲಪಾಡಿಯಲ್ಲೇ ಇದೆ. ಯಾಂತ್ರೀಕೃತ ಬೋಟುಗಳಿಗೆ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ ರಜೆ, ಕೇರಳದ ಟ್ರಾಲ್ ನಿಷೇಧ 52 ದಿನ. ಒಂದೇ ಹಿಂಡಿಗೆ ಎರಡು ಪಂಚಾಂಗ.

ಜಂಟಿ ಕೆಲಸ ಕೆಡುವುದು ಹೆಚ್ಚಾಗಿ ಸಣ್ಣ ವಿಷಯಗಳಲ್ಲಿ. ಒಬ್ಬರು ಮೂತಿಯಿಂದ ಬಾಲದ ತುದಿಯವರೆಗೆ ಅಳೆಯುತ್ತಾರೆ, ಇನ್ನೊಬ್ಬರು ಬಾಲದ ಬುಡದವರೆಗೆ. 15 ಸೆಂ.ಮೀ. ಬೂತಾಯಿಯಲ್ಲಿ ಇದರಿಂದಲೇ ಎರಡು ಸೆಂ.ಮೀ.ಗೂ ಮಿಕ್ಕಿ ವ್ಯತ್ಯಾಸ ಬಂದು, ಬಲಿತ ಮೀನು ಮರಿಯ ಲೆಕ್ಕಕ್ಕೆ ಬೀಳುತ್ತದೆ. ಐಸ್ ಪೆಟ್ಟಿಗೆಯಲ್ಲಿ ಬಾಲ ಮುರಿದಿರುವುದೂ ಉಂಟು. ಆದ್ದರಿಂದ ಎರಡೂ ಅಳತೆ ಬರೆದುಕೊಳ್ಳಬೇಕು. ಪ್ಲವಕಗಳನ್ನು ಕೆಡದಂತೆ ಇಡಲು ಬೊರಾಕ್ಸ್ ಬೆರೆಸಿದ ಶೇ. 4–5 ಫಾರ್ಮಾಲಿನ್ ಸಾಕು. ಬೊರಾಕ್ಸ್ ಇಲ್ಲದಿದ್ದರೆ ಹುಳಿಯೇರಿ ಸಣ್ಣ ಚಿಪ್ಪುಗಳು ಕರಗುತ್ತವೆ. ಡಿಎನ್‌ಎಗೆ ಫಾರ್ಮಾಲಿನ್ ಸೋಕಿಸಲೇಬಾರದು. ರೆಕ್ಕೆಯ ತುಣುಕನ್ನು ಶೇ. 95ರ ಎಥನಾಲ್‌ನಲ್ಲಿ ಹಾಕಿ ಮರುದಿನ ಎಥನಾಲ್ ಬದಲಿಸಬೇಕು, ಮೀನಿನ ನೀರಂಶ ಸೇರಿ ಅದು ತೆಳುವಾಗಿರುತ್ತದೆ. ಚೀಟಿ ಬರೆಯಲು ಪೆನ್ಸಿಲ್ಲೇ ಆಗಬೇಕು. ಎಥನಾಲ್ ತಾಗಿದರೆ ಪೆನ್ನಿನ ಶಾಯಿ ಅಳಿಸಿಹೋಗುತ್ತದೆ, ಯಾವ ಬಂದರಿನ ಮೀನೆಂದು ಗೊತ್ತಿಲ್ಲದ ಮಾದರಿಯಿಂದ ಮಸ್ಕತ್‌ಗೂ ಪ್ರಯೋಜನವಿಲ್ಲ, ಮಂಗಳೂರಿಗೂ ಇಲ್ಲ.