ಮಾಡು, ಬಾವಿ, ಕರೆಂಟು ಬಿಲ್ಲು: ಶಾಲೆಯ ದುಡ್ಡು ಸೋರುವ ಜಾಗಗಳು

ಓದುಗರ ಪ್ರಶ್ನೆ: ನಮ್ಮದು ಉಡುಪಿ ಹತ್ತಿರದ ಹಳೆಯ ಅನುದಾನಿತ ಕನ್ನಡ ಶಾಲೆ. ಹಂಚಿನ ಕಟ್ಟಡ, ಎಂಟು ಕೋಣೆ. ಸರ್ಕಾರದ ಸಂಬಳ ಬಿಟ್ಟರೆ ಉಳಿದ ಖರ್ಚೆಲ್ಲ ಆಡಳಿತ ಮಂಡಳಿ ಮತ್ತು ಹಳೆ ವಿದ್ಯಾರ್ಥಿಗಳ ತಲೆಗೆ. ಗೌರವ ಶಿಕ್ಷಕಿಯರಿಗೆ ಕೊಡಲಿಕ್ಕೇ ಕಷ್ಟವಾಗುತ್ತಿದೆ. ಸೋಲಾರ್ ಹಾಕಿಸಿ ಎಂದು ಒಬ್ಬರು, ಟ್ಯೂಬು, ಫ್ಯಾನೆಲ್ಲ ಬದಲಿಸಿ ಎಂದು ಇನ್ನೊಬ್ಬರು. ಖರ್ಚು ಇಳಿಸಲು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸೋಲಾರ್, ಫ್ಯಾನು ಎರಡೂ ಸದ್ಯಕ್ಕೆ ಬೇಡ. ಹೊಸದೇನನ್ನಾದರೂ ಕೊಳ್ಳುವ ಮೊದಲು, ಯಾರಿಗೂ ಉಪಯೋಗವಾಗದೆ ಹೋಗುತ್ತಿರುವ ದುಡ್ಡನ್ನು ಹುಡುಕಿ. ಕರಾವಳಿಯ ಹಂಚಿನ ಶಾಲೆಯಲ್ಲಿ ಅದು ಮೊದಲು ಕಾಣುವುದು ಮಾಡಿನಲ್ಲಿ, ಅಂದರೆ ಛಾವಣಿಯಲ್ಲಿ.

ಮಾಡಿನ ಕೆಲಸಕ್ಕೆ ಕಾಲವೇ ಮುಖ್ಯ. ವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ಹಿಡಿದರೆ ಕೆಲಸದವರೂ ಸಿಗುತ್ತಾರೆ, ಮಜೂರಿಯೂ ಹಿಡಿತದಲ್ಲಿರುತ್ತದೆ. ಯಕ್ಷಗಾನ ಮೇಳದವರು ಮೇ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಹೊತ್ತಿಗೆ ನಿಮ್ಮ ಮಾಡಿನ ಕೆಲಸ ಮುಗಿದಿರಬೇಕು. ಆಮೇಲೆ ಊರಿಗೆಲ್ಲ ಒಮ್ಮೆಗೇ ಹಂಚಿನ ನೆನಪಾಗುತ್ತದೆ.

ಸೋರುವ ಜಾಗ ಹುಡುಕಲು ಮಳೆ ಬರಬೇಕೆಂದಿಲ್ಲ. ಬಿಸಿಲು ನೆತ್ತಿಗೇರಿದಾಗ ಕೋಣೆಯ ಬಾಗಿಲು, ಕಿಟಕಿ ಮುಚ್ಚಿ ಒಳಗೆ ನಿಂತು ಮೇಲೆ ನೋಡಿ. ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ಹತ್ತಿರದ ರೀಪಿಗೆ (ಹಂಚು ಕೂರುವ ಮರದ ಪಟ್ಟಿಗೆ) ಚಾಕ್‌ನಲ್ಲಿ ಗುರುತು ಹಾಕಿಸಿ. ನೆಲದ ಮೇಲೆ ನೀರು ಬೀಳುವ ಜಾಗವನ್ನು ನಂಬಬೇಡಿ. ಒಳಗಿಳಿದ ನೀರು ಪಕ್ಕಾಸಿನ (ರೀಪನ್ನು ಹೊತ್ತ ಇಳಿಜಾರು ಮರದ) ಗುಂಟ ಹರಿದು ಎರಡು ಮೂರು ಅಡಿ ಕೆಳಗೆ ತೊಟ್ಟಿಕ್ಕುತ್ತದೆ, ಒಡೆದ ಹಂಚು ಅದಕ್ಕಿಂತ ಮೇಲಿರುತ್ತದೆ. ಎಷ್ಟೋ ಶಾಲೆಗಳಲ್ಲಿ ಪ್ರತಿ ವರ್ಷ ಸರಿ ಇದ್ದ ಹಂಚನ್ನೇ ಬದಲಿಸಿ ಅದೇ ಕೋಣೆಯಲ್ಲಿ ಮತ್ತೆ ಬಾಲ್ದಿ ಇಡುವುದು ಇದೇ ಕಾರಣಕ್ಕೆ. ಹಂಚು ಒಡೆಯದೆಯೂ ಸೋರುವುದುಂಟು. ಹಲಸು, ಮಾವಿನ ಎಲೆ ಕೊಳೆತು ಹಂಚಿನ ಚಾಲಿನಲ್ಲಿ ಕಟ್ಟಿಕೊಂಡರೆ ಜೋರು ಮಳೆಗೆ ನೀರು ಹಿಂದಕ್ಕೆ ಉಕ್ಕಿ ಒಳಗೆ ಬೀಳುತ್ತದೆ. ಅದಕ್ಕೆ ಬೇಕಾದದ್ದು ಹಿಡಿಸೂಡಿ ಮಾತ್ರ. ಎರಡು ಮಾಡು ಕೂಡುವಲ್ಲಿರುವ ತಗಡಿನ ದಂಬೆಯನ್ನೂ (ನೀರು ಹರಿಯುವ ದೋಣಿ) ಆಗಲೇ ಗುಡಿಸಿಸಿ, ತುಕ್ಕಿನ ತೂತು ಇದೆಯೇ ನೋಡಿಸಿ.

ಮೇಲೆ ಹತ್ತುವವರು ಹಂಚಿನ ನಡುವೆ ಕಾಲಿಡಬಾರದು. ಹಂಚು ರೀಪಿನ ಮೇಲೆ ಕೂತಿರುವ ಜಾಗದಲ್ಲೇ ಕಾಲಿಡಬೇಕು, ಇಲ್ಲವೇ ಏಣಿ ಮಲಗಿಸಿ ಅದರ ಮೇಲೆ ನಡೆಯಬೇಕು. ರಿಪೇರಿಗೆ ಹತ್ತಿದವರೇ ಹತ್ತು ಹಂಚು ಒಡೆದು ಇಳಿಯುವುದು ಸಾಮಾನ್ಯ. ಇನ್ನೊಂದು ತೊಡಕು, ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಇಲ್ಲಿ ಹತ್ತಾರು ಅಚ್ಚುಗಳ ಹಂಚು ಬಂದಿದೆ. ನಿಮ್ಮ ಹಂಚಿನ ಬೆನ್ನಿಗಿರುವ ಮುದ್ರೆ ನೋಡಿ, ಊರಲ್ಲಿ ಅದೇ ಮುದ್ರೆಯ ಹಳೆ ಮನೆ ಕೆಡವುವಾಗ ಐವತ್ತೋ ನೂರೋ ಕೇಳಿ ತಂದಿಡಿ. ಹೆಚ್ಚಿನವರು ಶಾಲೆಗೆಂದರೆ ಪುಕ್ಕಟೆ ಕೊಡುತ್ತಾರೆ. ಹಂಚು ಬದಲಿಸುವಾಗಲೇ ಕತ್ತಲೆ ಇರುವ ಕೋಣೆಗೆ ಎರಡೆರಡು ಗಾಜಿನ ಹಂಚು ಹಾಕಿಸಿ, ಆದರೆ ಬೋರ್ಡಿಗೆ ನೇರ ಬೆಳಕು ಬೀಳದಂತೆ, ಇಲ್ಲದಿದ್ದರೆ ಹಿಂದಿನ ಬೆಂಚಿನವರಿಗೆ ಅಕ್ಷರ ಕಾಣುವುದಿಲ್ಲ. ಮಳೆಗಾಲದ ಕೆಲವು ದಿನ ಬಿಟ್ಟರೆ ಆ ಕೋಣೆಗೆ ಹಗಲು ದೀಪ ಬೇಡ.

ಇದೆಲ್ಲ ಏಕೆಂದರೆ, ಹಂಚು ಹೋದರೆ ಹಂಚಿನ ದುಡ್ಡು ಮಾತ್ರ. ನೀರು ಕುಡಿದ ರೀಪು, ಪಕ್ಕಾಸಿಗೆ ಗೆದ್ದಲು ಹತ್ತಿದರೆ ಮರ, ಬಡಗಿ, ಮತ್ತೆ ಇಡೀ ಮಾಡು ಇಳಿಸಿ ಹೊದೆಸುವ ಖರ್ಚು. ಆಗ ಹಳೆ ವಿದ್ಯಾರ್ಥಿಗಳ ಮುಂದೆ ಚೀಟಿ ಹಿಡಿದು ನಿಲ್ಲಬೇಕಾಗುತ್ತದೆ.

ಮಾಡಿನ ನೀರನ್ನೂ ಹಾಗೇ ಬಿಡಬೇಡಿ. ನೂರು ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಅಂದರೆ 100 ಲೀಟರ್. ಒಂದು ದಿನಕ್ಕೆ 50 ಮಿ.ಮೀ. ಬೀಳುವುದು ನಮ್ಮಲ್ಲಿ ವಿಶೇಷವಲ್ಲ. ಚೆಲ್ಲಿದ್ದು, ಸಿಡಿದದ್ದು ಕಳೆದರೂ ನಾಲ್ಕು ಸಾವಿರ ಲೀಟರ್ ಸಿಗುತ್ತದೆ. ಮುರಕಲ್ಲಿನ (ಕೆಂಪುಕಲ್ಲಿನ) ಜಾಗದಲ್ಲಿ ಜುಲೈಯಲ್ಲಿ ಬಾವಿಗೆ ಬಿಟ್ಟ ನೀರು ಏಪ್ರಿಲ್‌ವರೆಗೆ ಕಾಯುತ್ತದೆ ಎಂದು ನಂಬಬೇಡಿ, ಬಹುಪಾಲು ಹರಿದು ಹೋಗುತ್ತದೆ. ಹಾಗಾಗಿ ಮೊದಲ ಲಾಭ ಬೇರೆ ಕಡೆ ಹುಡುಕಿ. ಶೌಚಾಲಯದ ಬದಿ ಮೂರಡಿ ಕಲ್ಲಿನ ಕಟ್ಟೆ ಕಟ್ಟಿ ಸಾವಿರ ಲೀಟರ್‌ನ ಟ್ಯಾಂಕ್ ಇಟ್ಟು, ದಂಬೆಯ ಪೈಪನ್ನು ಜಾಲರಿಯ ಮೂಲಕ ಅದಕ್ಕೆ ಕೊಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೌಚಾಲಯಕ್ಕೆ ಪಂಪು ಹಾಕುವುದು ಬಹುಮಟ್ಟಿಗೆ ತಪ್ಪುತ್ತದೆ. ಉಕ್ಕಿದ್ದನ್ನು ಇಂಗುಗುಂಡಿಗೆ ಬಿಡಿ. ಗುಂಡಿ ಶೌಚದ ಹೊಂಡದಿಂದ ಕನಿಷ್ಠ 15 ಮೀಟರ್ ದೂರ ಇರಲಿ, ಕಡಿದ ಗುಡ್ಡದ ಅಂಚಿನಲ್ಲಿ ಮಾತ್ರ ತೋಡಿಸಲೇಬೇಡಿ. ಅಲ್ಲಿ ಇಂಗಿದ ನೀರು ಧರೆಯನ್ನೇ ಕೆಳಗೆ ತರುತ್ತದೆ.

ಪಂಪಿನ ಬಳಿ ಒಂದು ಹಳೆ ನೋಟ್‌ಬುಕ್ ನೇತುಹಾಕಿ, ಟ್ಯಾಂಕ್ ತುಂಬಲು ಎಷ್ಟು ನಿಮಿಷ ಹಿಡಿಯಿತು ಎಂದು ಬರೆಸಿ. ಇಪ್ಪತ್ತೈದು ನಿಮಿಷದ ಕೆಲಸಕ್ಕೆ ನಲವತ್ತೈದು ಹಿಡಿದರೆ ಬಾವಿಯ ನೀರು ತಗ್ಗಿದೆ, ಇಲ್ಲವೇ ಬಾವಿಯೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆ. ಕರೆಂಟಿನ ಲೆಕ್ಕದಲ್ಲಿ ಇದು ಸಣ್ಣದು. ಆದರೆ ನೀರಿಲ್ಲದೆ ಓಡಿ ಮೋಟಾರಿನ ವೈಂಡಿಂಗ್ ಸುಟ್ಟರೆ ಸಾವಿರಗಟ್ಟಲೆ ಕೈಬಿಡುತ್ತದೆ.

ಇನ್ನು ಮೆಸ್ಕಾಂನ ಕರೆಂಟು ಬಿಲ್ಲು. ಉಚಿತ ವಿದ್ಯುತ್ತೆಂದು 2023ರ ರಾಜ್ಯೋತ್ಸವದಂದು ಘೋಷಣೆಯಾದದ್ದು ಸರ್ಕಾರಿ ಶಾಲೆಗಳಿಗೆ, ಆದ್ದರಿಂದ ನಿಮ್ಮ ಬಿಲ್ಲು ನೀವೇ ಓದಬೇಕು. ಹೆಚ್ಚಿನವರು ಕೊನೆಯ ಮೊತ್ತ ಮಾತ್ರ ನೋಡುತ್ತಾರೆ. ನೀವು ಮೂರು ಸಾಲು ನೋಡಿ: ದರದ ವರ್ಗ, ಮಂಜೂರಾದ ಲೋಡ್ (ಎಷ್ಟು ಕಿಲೋವ್ಯಾಟ್ ಎಳೆಯಲು ಅನುಮತಿ), ದಾಖಲಾದ ಗರಿಷ್ಠ ಬೇಡಿಕೆ (ಒಮ್ಮೆಗೇ ಎಳೆದ ಅತಿ ಹೆಚ್ಚಿನ ಕರೆಂಟು). ಶಾಲೆಯ ಆರ್.ಆರ್. ನಂಬರ್ (ಕರೆಂಟು ಸಂಪರ್ಕದ ಸಂಖ್ಯೆ) ತಪ್ಪಿ ವಾಣಿಜ್ಯ ವರ್ಗದಲ್ಲಿ ಉಳಿದಿದ್ದರೆ ಅರ್ಜಿ ಕೊಟ್ಟು ಬದಲಿಸಿಕೊಳ್ಳಿ. ನಿಗದಿತ ಶುಲ್ಕ ಬೀಳುವುದು ಮಂಜೂರಾದ ಕಿಲೋವ್ಯಾಟ್ ಲೆಕ್ಕದಲ್ಲಿ. ಬೇಸಿಗೆ ರಜೆಯಲ್ಲಿ ಒಂದು ದೀಪ ಉರಿಯದಿದ್ದರೂ ಅದನ್ನು ಕಟ್ಟಲೇಬೇಕು. ಇಪ್ಪತ್ತು ಫ್ಯಾನು, ಇಪ್ಪತ್ತನಾಲ್ಕು ಟ್ಯೂಬು, 1 ಎಚ್‌ಪಿ ಪಂಪು, ಏಳೆಂಟು ಕಂಪ್ಯೂಟರು ಎಲ್ಲ ಒಟ್ಟಿಗೆ ಓಡಿದರೂ ಸುಮಾರು 5 ಕಿಲೋವ್ಯಾಟ್. ಬಿಲ್ಲಿನಲ್ಲಿ 10 ಎಂದಿದ್ದು, ಹನ್ನೆರಡು ತಿಂಗಳ ಗರಿಷ್ಠ ಬೇಡಿಕೆ 5 ದಾಟದಿದ್ದರೆ, 6ಕ್ಕೆ ಇಳಿಸಲು ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಕೊಡಿ. ಕಿಲೋವ್ಯಾಟ್‌ಗೆ ತಿಂಗಳಿಗೆ 200 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ವರ್ಷಕ್ಕೆ 9,600 ರೂಪಾಯಿ ಉಳಿಯಿತು, ಒಂದು ಸ್ವಿಚ್ಚೂ ಆರಿಸದೆ.

ಎಡವುವುದು ವಾರ್ಷಿಕೋತ್ಸವದ ರಾತ್ರಿ. ರಂಗಸ್ಥಳದ ದೀಪ, ಧ್ವನಿವರ್ಧಕ, ಚರುಂಬುರಿ ಅಂಗಡಿಯ ಬಲ್ಬು ಎಲ್ಲ ಶಾಲೆಯ ಮೀಟರಿಗೇ ಸಿಕ್ಕಿಸಿದರೆ ಗರಿಷ್ಠ ಬೇಡಿಕೆ ಮಂಜೂರಾತಿಯನ್ನು ಮೀರಿ ದಂಡ ಬೀಳುತ್ತದೆ. ಆ ಒಂದು ರಾತ್ರಿಗೆ ತಾತ್ಕಾಲಿಕ ಸಂಪರ್ಕವನ್ನೋ ಜನರೇಟರನ್ನೋ ಮಾಡಿಸಿ.

ರಜೆ ಶುರುವಾದ ದಿನ ಎಲ್ಲ ಸ್ವಿಚ್ ಆರಿಸಿ, ಮೇನ್ ಹಾಕಿಯೇ ಇಟ್ಟು ಮೀಟರ್ ಓದಿ, ವಾರ ಬಿಟ್ಟು ಮತ್ತೆ ಓದಿ. ಅಂಕಿ ಏರಿದ್ದರೆ ಯಾವುದೋ ಯಂತ್ರ ಚಾಲೂ ಉಳಿದಿದೆ, ಇಲ್ಲವೇ ತೇವ ಹಿಡಿದ ವೈರಿಂಗ್ ಸೋರುತ್ತಿದೆ. ಎರಡನೆಯದಾದರೆ ದುಡ್ಡಿಗಿಂತ ಮಕ್ಕಳ ಜೀವದ ಮಾತು, ಶಾಲೆ ತೆರೆಯುವ ಮೊದಲೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಟ್ಯೂಬು, ಫ್ಯಾನಿನ ವಿಷಯದಲ್ಲಿ ನಿಮಗೆ ಸಲಹೆ ಕೊಟ್ಟವರು ಅರ್ಧ ಸರಿ. ಹಳೆ ಟ್ಯೂಬು ಚೋಕ್ ಸೇರಿ 52 ವ್ಯಾಟ್, ಎಲ್‌ಇಡಿ 20. ಇಪ್ಪತ್ತನಾಲ್ಕು ಟ್ಯೂಬು, ದಿನಕ್ಕೆ ಮೂರು ಗಂಟೆ, ಇನ್ನೂರು ದಿನ: ಸುಮಾರು 460 ಯೂನಿಟ್. ಯೂನಿಟ್‌ಗೆ 8 ರೂಪಾಯಿಯಂತೆ 3,700 ರೂಪಾಯಿ. ಒಂದಕ್ಕೆ 250ರಂತೆ ಹಾಕಿದ ಆರು ಸಾವಿರ ಎರಡು ವರ್ಷದೊಳಗೆ ವಾಪಸು. ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಫ್ಯಾನು ಹಾಗಲ್ಲ. 75 ವ್ಯಾಟಿನ ಬದಲು 30 ವ್ಯಾಟ್, ದಿನಕ್ಕೆ ಐದು ಗಂಟೆ ಎಂದರೆ ಇಪ್ಪತ್ತು ಫ್ಯಾನಿಗೆ ವರ್ಷಕ್ಕೆ 7,200 ರೂಪಾಯಿ ಉಳಿತಾಯ. ಆದರೆ ಒಂದಕ್ಕೆ 2,800 ಹಿಡಿದರೂ 56,000 ಹಾಕಬೇಕು, ಹಾಕಿದ ದುಡ್ಡು ಹುಟ್ಟಲು ಸುಮಾರು ಎಂಟು ವರ್ಷ. ಮನೆಯಲ್ಲಿ ರಾತ್ರಿಯಿಡೀ ತಿರುಗುವ ಫ್ಯಾನಿನ ಲೆಕ್ಕವನ್ನು ಶಾಲೆಗೆ ಹಾಕಬಾರದು. ಹಳೆಯದು ಕೆಟ್ಟಾಗ ಒಂದೊಂದೇ ಬದಲಿಸಿ. ನಿಧಾನ ತಿರುಗುವ ಫ್ಯಾನಿಗೆ ಮೊದಲು 2.5 ಎಂಎಫ್‌ಡಿ ಕಂಡೆನ್ಸರ್ ಹಾಕಿಸಿ ನೋಡಿ, ಐವತ್ತು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ.

ಸೋಲಾರಿನ ತೊಂದರೆಯೂ ಶಾಲೆಯ ಕ್ಯಾಲೆಂಡರಿನದ್ದೇ. ಬಿಸಿಲು ಬಲವಾಗಿರುವ ಏಪ್ರಿಲ್, ಮೇಯಲ್ಲಿ ಮಕ್ಕಳಿಲ್ಲ, ಮಕ್ಕಳಿರುವ ಜೂನ್, ಜುಲೈಯಲ್ಲಿ ಬಿಸಿಲಿಲ್ಲ. ಗ್ರಿಡ್‌ಗೆ ಕೊಟ್ಟು ನೆಟ್ ಮೀಟರಿಂಗ್ (ಕೊಟ್ಟ ಕರೆಂಟನ್ನು ಬಿಲ್ಲಿನಲ್ಲಿ ಕಳೆಯುವ ವ್ಯವಸ್ಥೆ) ಮಾಡಿಸದಿದ್ದರೆ ರಜೆಯ ವಿದ್ಯುತ್ತೆಲ್ಲ ನಷ್ಟ. ಪಿಎಂ ಸೂರ್ಯಘರ್ ಸಹಾಯಧನ ಮನೆಗಳಿಗೆ, ಶಾಲೆಗಲ್ಲ. ದಾನಿಗಳು ಪೂರ್ತಿ ಹಾಕಿಕೊಡುವುದಾದರೆ ಬೇಡ ಎನ್ನಬೇಡಿ, ಸಾಲ ಮಾಡಿ ಮಾತ್ರ ಬೇಡ.

ಬಿಸಿಯೂಟದ ಗ್ಯಾಸ್ ಬೇಗ ಮುಗಿಯುತ್ತಿದ್ದರೆ ಬರ್ನರ್ ನೋಡಿ. ಉರಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ತೂತುಗಳು ಕಟ್ಟಿವೆ. ಬೇಳೆ ಒಂದು ಗಂಟೆ ನೆನೆಸಿ ಕುಕ್ಕರಿಗೆ ಹಾಕಲಿ. ಕುಚ್ಚಲಕ್ಕಿಯಾದರೆ ಚೆನ್ನಾಗಿ ಕುದಿ ಬಂದ ಮೇಲೆ ಉರಿ ಆರಿಸಿ, ಮುಚ್ಚಳ ಮುಚ್ಚಿ, ಮೇಲೆ ಒಗೆದ ಗೋಣಿ ಹೊದಿಸಿ ಮುಕ್ಕಾಲು ಗಂಟೆ ಬಿಟ್ಟು, ಮತ್ತೆ ಒಂದು ಕುದಿ ಬರಿಸಿ ಗಂಜಿ ಬಸಿಯಲಿ. ಕೈತೊಳೆಯುವ ಸಾಬೂನು, ಫಿನಾಯಿಲ್, ಶೌಚಾಲಯ ತೊಳೆಯುವವರ ಸಂಬಳಕ್ಕೆ ಕತ್ತರಿ ಹಾಕಬೇಡಿ. ಅಲ್ಲಿ ಉಳಿಯುವುದು ತಿಂಗಳಿಗೆ ಒಂದೆರಡು ಸಾವಿರ, ಕೊಳಕು ಹೆತ್ತವರ ಕಣ್ಣಿಗೆ ಬಿದ್ದರೆ ಮುಂದಿನ ಜೂನ್‌ನಲ್ಲಿ ದಾಖಲಾತಿ ಇಳಿಯುತ್ತದೆ.